ಕೊಲ್ಲದ ಪ್ರಾಣಿಯ ಬೆಲೆಯನ್ನು ತೆರುವವರು ಯಾರು?

(ಬೋರಿವಲಿಯಲ್ಲಿ ನೆರೆದಿದ್ದ ಕನ್ನಡ ಜೈನ ಬಂಧುಗಳ ಮುಂದೆ ಮಾಡಿದ ಉಪನ್ಯಾಸದ ಲಿಖಿತ ರೂಪ)



ಅಹಿಂಸೆ ಮತ್ತು ಅರ್ಥವ್ಯವಸ್ಥೆ ಎಂಬ ವಿಷಯವನ್ನು ಕುರಿತು ಮಾತನಾಡಬೇಕೆಂದು ನನಗೆ ಸೂಚಿಸಿದ್ದೀರಿ. ಇಷ್ಟು ದೊಡ್ಡ ವಿಷಯವನ್ನು ಒಂದು ಗಂಟೆಯಲ್ಲಿ ಹಿಡಿಯಲು ಹೋದರೆ ಕೊನೆಗೆ ಒಳ್ಳೆಯ ಮಾತುಗಳಷ್ಟೇ ಉಳಿಯುತ್ತವೆ. ಆದ್ದರಿಂದ ನಾನು ಒಂದು ದರಪಟ್ಟಿಯಿಂದ ಆರಂಭಿಸುತ್ತೇನೆ.

ಆಫ್ರಿಕಾದ ದಕ್ಷಿಣ ಭಾಗದ ಹಲವು ದೇಶಗಳಲ್ಲಿ, ಹಣ ಪಡೆದು ಬೇಟೆಯಾಡಿಸುವ ಕಂಪನಿಗಳು ಕಾನೂನಿನ ಅನುಮತಿಯಿಂದಲೇ ನಡೆಯುತ್ತಿವೆ. ಅವುಗಳ ದರಪಟ್ಟಿ ಹೋಟೆಲಿನ ತಿಂಡಿಯ ಪಟ್ಟಿಯನ್ನೇ ಹೋಲುತ್ತದೆ. ಎಡಗಡೆ ಪ್ರಾಣಿಯ ಹೆಸರು, ಬಲಗಡೆ ಡಾಲರಿನ ಅಂಕಿ. ದಿನದ ಶುಲ್ಕ ಬೇರೆ, ಪ್ರಾಣಿಯ ಶುಲ್ಕ ಬೇರೆ. ಸಿಂಹದಂತಹ ಪ್ರಾಣಿಯನ್ನು ಬಯಸಿದವನು ಎರಡು-ಮೂರು ವಾರಗಳ ದಿನದ ಶುಲ್ಕವನ್ನು ಕಡ್ಡಾಯವಾಗಿ ತೆರಬೇಕು. ಮಾರ್ಗದರ್ಶಕನಾದ ವೃತ್ತಿಪರ ಬೇಟೆಗಾರ, ಹೆಜ್ಜೆಗುರುತು ಹಿಡಿಯುವವರು, ಅಡುಗೆಯವರು, ಚರ್ಮ ಸುಲಿದು ಉಪ್ಪು ಹಚ್ಚುವವರು, ಆಮೇಲೆ ಅದನ್ನು ವಿಮಾನಕ್ಕೋ ಹಡಗಿಗೋ ಏರಿಸುವ ರಹದಾರಿ, ಎಲ್ಲಕ್ಕೂ ಲೆಕ್ಕವಿದೆ. ಪಟ್ಟಿಯ ಕೆಳಗೆ ಸಣ್ಣ ಅಕ್ಷರಗಳಲ್ಲಿ ಸಾಮಾನ್ಯವಾಗಿ ಒಂದು ನಿಯಮವಿರುತ್ತದೆ: ಗಾಯಗೊಂಡು ತಪ್ಪಿಸಿಕೊಂಡ ಪ್ರಾಣಿಯನ್ನು ಕೊಂದ ಪ್ರಾಣಿಯೆಂದೇ ಎಣಿಸಿ, ಅದರ ಪೂರ್ಣ ಶುಲ್ಕವನ್ನು ವಸೂಲು ಮಾಡಲಾಗುವುದು.

ಈ ನಿಯಮವನ್ನು ಓದಿದಾಗ ನನಗೆ ನೆನಪಾದದ್ದು ನಮ್ಮ ಜನ್ನ ಕವಿ. 1209ರಲ್ಲಿ ಅವನು ಬರೆದ ‘ಯಶೋಧರ ಚರಿತೆ’ಯ ಕಥೆ ನಿಮಗೆಲ್ಲ ತಿಳಿದದ್ದೇ. ತಾಯಿ ಚಂದ್ರಮತಿಯ ಬಲವಂತಕ್ಕೆ ಮಣಿದ ಯಶೋಧರ, ಜೀವಂತ ಕೋಳಿಯನ್ನು ಕೊಲ್ಲಲೊಲ್ಲದೆ ಹಿಟ್ಟಿನ ಕೋಳಿಯನ್ನು ದೇವಿಗೆ ಬಲಿಕೊಡುತ್ತಾನೆ. ಅಷ್ಟರಿಂದಲೇ ತಾಯಿ-ಮಗ ಇಬ್ಬರೂ ಜನ್ಮಜನ್ಮಾಂತರಗಳಲ್ಲಿ ಪ್ರಾಣಿಗಳಾಗಿ ಹುಟ್ಟಿ ಇರಿಸಿಕೊಂಡು, ಕೊಲ್ಲಿಸಿಕೊಂಡು ಅಲೆಯುತ್ತಾರೆ. ಬೇಟೆಯ ವ್ಯಾಪಾರಿ ಗಾಯವನ್ನು ಸಾವಿಗೆ ಸಮನೆಂದು ಎಣಿಸಿದ, ಜನ್ನ ಸಂಕಲ್ಪವನ್ನೇ ಕೊಲೆಗೆ ಸಮನೆಂದು ಎಣಿಸಿದ. ವ್ಯಾಪಾರಿಯೂ ತನಗೆ ತಿಳಿಯದೆಯೇ ನಮ್ಮ ದಾರಿಯಲ್ಲಿ ಅರ್ಧ ದೂರ ಬಂದಿದ್ದಾನೆ ಎಂದು ನಾನು ತಮಾಷೆಗೆ ಹೇಳುವುದುಂಟು.

ಈಗ ಆ ವಲಯದಲ್ಲಿ ಒಂದು ದೂರು ಬಲವಾಗಿ ಕೇಳಿಬರುತ್ತಿದೆ. ಬೇಟೆಯ ವೆಚ್ಚ ವರ್ಷದಿಂದ ವರ್ಷಕ್ಕೆ ಏರುತ್ತಿದೆ, ಸಾಮಾನ್ಯ ಬೇಟೆಗಾರನಿಗೆ ಇದು ಎಟುಕದಂತಾಗಿದೆ, ಆದ್ದರಿಂದ ನ್ಯಾಯವಾದ ಬೆಲೆ ನಿಗದಿಯಾಗಬೇಕು ಎಂಬುದೇ ಆ ದೂರು. ಏರಿಕೆಗೆ ಕಾರಣಗಳು ಅರ್ಥವಾಗದವೇನಲ್ಲ. 2015ರಲ್ಲಿ ಜಿಂಬಾಬ್ವೆಯ ಹ್ವಾಂಗೆ ರಾಷ್ಟ್ರೀಯ ಉದ್ಯಾನದ ಸಿಸಿಲ್ ಎಂಬ ಸಿಂಹವನ್ನು ಅಮೆರಿಕದ ಒಬ್ಬ ದಂತವೈದ್ಯ ಕೊಂದ. ಅದಕ್ಕಾಗಿ ಅವನು ಸುಮಾರು 50,000 ಡಾಲರ್ ಕೊಟ್ಟಿದ್ದನೆಂದು ಅಂದಿನ ಪತ್ರಿಕೆಗಳು ಬರೆದವು. ಆ ಬಳಿಕ ಹಲವು ವಿಮಾನ ಕಂಪನಿಗಳು ಇಂತಹ ತಲೆ-ಚರ್ಮಗಳನ್ನು ಸಾಗಿಸಲು ನಿರಾಕರಿಸಿದವು, ಆಮದಿನ ನಿಯಮಗಳೂ ಬಿಗಿಯಾದವು. ಪ್ರಾಣಿಗಳೂ ಕಡಿಮೆ, ಪರವಾನಗಿಗಳೂ ಕಡಿಮೆ. ಸರಕು ಕಡಿಮೆಯಾಗಿ ಬೇಡಿಕೆ ಉಳಿದರೆ ಬೆಲೆ ಏರುತ್ತದೆಂಬುದನ್ನು ವ್ಯಾಪಾರಿ ಮನೆತನಗಳಲ್ಲಿ ಹುಟ್ಟಿದ ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ.

ಅಪರೂಪದ ಪ್ರಾಣಿಗಳ ವಿಷಯದಲ್ಲಂತೂ ಹರಾಜೇ ನಡೆಯುತ್ತದೆ. 2014ರ ಜನವರಿಯಲ್ಲಿ ಅಮೆರಿಕದ ಡಲ್ಲಾಸ್ ನಗರದಲ್ಲಿ, ನಮೀಬಿಯಾದ ಒಂದು ಕಪ್ಪು ಘೇಂಡಾಮೃಗವನ್ನು ಕೊಲ್ಲುವ ಪರವಾನಗಿ 3,50,000 ಡಾಲರಿಗೆ ಹೋಯಿತು. 2024ರಲ್ಲಿ ಪಾಕಿಸ್ತಾನದ ಚಿತ್ರಾಲ್ ಕಣಿವೆಯಲ್ಲಿ ಮಾರ್ಖೋರ್ ಎಂಬ, ತಿರುಪಿನಂತೆ ಸುತ್ತಿಕೊಂಡ ಕೊಂಬುಗಳ ಕಾಡುಮೇಕೆಗೆ 2,71,000 ಡಾಲರ್, ಅಂದರೆ ನಮ್ಮ ಲೆಕ್ಕದಲ್ಲಿ ಎರಡು ಕೋಟಿ ರೂಪಾಯಿಗೂ ಮಿಗಿಲು. ಸವಾಲಿನಲ್ಲಿ ನಿಂತ ಬೆಲೆ ವಸ್ತುವಿನ ಯೋಗ್ಯತೆಯನ್ನು ಹೇಳುವುದಿಲ್ಲ, ಕೂಗಿದವನ ಥೈಲಿಯನ್ನು ಹೇಳುತ್ತದೆ. ಅಭಿಷೇಕದ ಮೊದಲ ಕಲಶಕ್ಕೆ ಸವಾಲು ಕೂಗುವುದನ್ನು ಕಂಡ ನಮಗೆ ಇದು ಹೊಸ ಅನುಭವವಲ್ಲ. (ನಗಬೇಡಿ, ಆ ವಿಷಯವನ್ನು ಇನ್ನೊಂದು ದಿನ ವಿಸ್ತಾರವಾಗಿಯೇ ಮಾತನಾಡೋಣ.)

ಇಷ್ಟನ್ನು ಕೇಳಿದ ಶ್ರಾವಕನು ಕೂಡಲೇ ಹೇಳುವ ಉತ್ತರ ನನಗೆ ಗೊತ್ತು. ಬೇಟೆ ಸಪ್ತವ್ಯಸನಗಳಲ್ಲಿ ಒಂದು, ಹಿಂಸೆಯ ನಾಲ್ಕು ಬಗೆಗಳಲ್ಲಿ ಇದು ಸಂಕಲ್ಪೀ ಹಿಂಸೆ, ಗೃಹಸ್ಥನಿಗೂ ಇದರಲ್ಲಿ ರಿಯಾಯಿತಿ ಇಲ್ಲ, ಆದ್ದರಿಂದ ಇದಕ್ಕೆ ನ್ಯಾಯವಾದ ಬೆಲೆಯೇ ಇರಲಾರದು. ಈ ಉತ್ತರ ಸರಿಯಾದದ್ದೇ. ಮಾಡುವುದು, ಮಾಡಿಸುವುದು, ಅನುಮೋದಿಸುವುದು ಮೂರೂ ಬಂಧಕ್ಕೆ ಕಾರಣವೆಂದ ಮೇಲೆ, ಬೆಲೆ ಹೆಚ್ಚಾಯಿತೋ ಕಡಿಮೆಯಾಯಿತೋ ಎಂಬ ಚರ್ಚೆಯಲ್ಲಿ ನಾವು ಕೂರುವಂತಿಲ್ಲ. ಆದರೆ ಈ ಉತ್ತರವನ್ನು ಕೊಡಲು ನಮಗೆ ತಗಲುವ ವೆಚ್ಚವೆಷ್ಟು ಎಂಬುದನ್ನು ನಾವು ಕೇಳಿಕೊಂಡಿದ್ದೇವೆಯೇ? ಇಂದಿನ ನನ್ನ ಮಾತೆಲ್ಲ ಇದೊಂದರ ಸುತ್ತಲೇ.

ಸ್ವಲ್ಪ ಹಿಂದೆ ಹೋಗೋಣ. ಈ ವ್ಯಾಪಾರ ಆಫ್ರಿಕಾದ್ದು, ಪರದೇಶದ್ದು ಎಂದು ದೂರ ತಳ್ಳುವಂತಿಲ್ಲ. ನಾವು ವಾಸಿಸುವ ಈ ಮುಂಬಯಿ ಬಂದರಿಗೆ ಹತ್ತೊಂಬತ್ತನೆಯ ಶತಮಾನದಲ್ಲಿ ಜಾಂಜಿಬಾರಿನಿಂದ ಆನೆಯ ದಂತ ಬಂದಿಳಿದು, ಇಲ್ಲಿಂದ ಲಂಡನ್ನಿಗೆ ಸಾಗುತ್ತಿತ್ತು. ದಂತವಾಣಿಜ್ಯವು ಶ್ರಾವಕನಿಗೆ ನಿಷಿದ್ಧವೆಂದು ನಮ್ಮ ಆಚಾರಗ್ರಂಥಗಳು ಬಹಳ ಹಿಂದೆಯೇ ಹೇಳಿದ್ದವು. ವಹಿವಾಟೇನೂ ನಿಲ್ಲಲಿಲ್ಲ. 1883ರಲ್ಲಿ ಇದೇ ನಗರದಲ್ಲಿ ಹುಟ್ಟಿದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ, ಇಂದು ದೇಶದ ವನ್ಯಜೀವಿ ಅಧ್ಯಯನದ ಹಿರಿಯ ಸಂಸ್ಥೆ. ಅದರ ಆರಂಭಕಾಲದ ಸದಸ್ಯರಲ್ಲಿ ಅನೇಕರು ಬಂದೂಕು ಹಿಡಿದವರೇ. ಅದರ ನಿಯತಕಾಲಿಕದ ಹಳೆಯ ಸಂಪುಟಗಳಲ್ಲಿ ಶಿಕಾರಿಯ ಟಿಪ್ಪಣಿಗಳು ಧಾರಾಳವಾಗಿವೆ. ಕೊಂದು ಕೊಂದು ಸಾಕಾದವರೇ ಮುಂದೆ ರಕ್ಷಣೆಯ ಮಾತನಾಡಿದ್ದೂ ಅದೇ ಪುಟಗಳಲ್ಲಿ ಕಾಣುತ್ತದೆ.

ನಮ್ಮ ಮೈಸೂರಿನ ಕಥೆ ಇನ್ನೂ ಹತ್ತಿರದ್ದು. ಅಲ್ಲಿದ್ದ ವಾನ್ ಇಂಗೆನ್ ಕುಟುಂಬದ ಕಾರ್ಖಾನೆ, 1900ರ ಸುಮಾರಿನಿಂದ 1999ರವರೆಗೆ, ಬೇಟೆಯ ಪ್ರಾಣಿಗಳ ಚರ್ಮಕ್ಕೆ ಒಳಗೆ ಹುರುಳು ತುಂಬಿ ಜೀವಂತವಿದ್ದಂತೆ ನಿಲ್ಲಿಸುವ ಕೆಲಸದಲ್ಲಿ ಲೋಕಪ್ರಸಿದ್ಧವಾಗಿತ್ತು. ಆ ಒಂದೇ ಮನೆಯ ಮೂಲಕ ಹಾದುಹೋದ ಹುಲಿ-ಚಿರತೆಗಳು 40,000ಕ್ಕೂ ಹೆಚ್ಚೆಂದು ಅದರ ಇತಿಹಾಸವನ್ನು ಬರೆದವರು ಲೆಕ್ಕ ಹಾಕಿದ್ದಾರೆ. ಜನ್ನನ ಕಥೆಯಲ್ಲಿ ಹಿಟ್ಟಿನ ಕೋಳಿಗೆ ಜೀವದ ಭ್ರಮೆ ಬಂದು ಅದು ಕೂಗಿತು. ಮೈಸೂರಿನಲ್ಲಿ ಜೀವವನ್ನು ತೆಗೆದು ಅದರ ಭ್ರಮೆಯನ್ನಷ್ಟೇ ಗಾಜಿನ ಕಣ್ಣಿನಲ್ಲಿ ಉಳಿಸಿದರು.

ಸ್ವಾತಂತ್ರ್ಯ ಬಂದ ಮೇಲೆ ಇದು ಕೊನೆಗೊಂಡಿತೆಂದು ಹಲವರು ತಿಳಿದಿದ್ದಾರೆ. ಹಾಗಾಗಲಿಲ್ಲ. ಅರಸರ ಆಮಂತ್ರಣದ ಬೇಟೆ ಹೋಗಿ ಟಿಕೆಟಿನ ಬೇಟೆ ಬಂದಿತು. 1950-60ರ ದಶಕಗಳಲ್ಲಿ ಮಧ್ಯಭಾರತದ ಕಾಡುಗಳಿಗೆ ವಿದೇಶೀಯರನ್ನು ಕರೆದೊಯ್ದು ಹುಲಿ ಹೊಡೆಸುವ ಶಿಕಾರಿ ಕಂಪನಿಗಳು ಬೆಳೆದವು. ನಾಗಪುರದ ಆಲ್ವಿನ್ ಕೂಪರ್ ಅವುಗಳಲ್ಲಿ ಹೆಸರಾದದ್ದು; ಮುಂದೆ ಕೇಂದ್ರ ಸಚಿವರಾದ ವಿದ್ಯಾಚರಣ ಶುಕ್ಲರು ರಾಜಕೀಯಕ್ಕೆ ಬರುವ ಮೊದಲು ಆ ಕಂಪನಿಯಲ್ಲಿದ್ದವರು. ಡೇರೆ, ಅಟ್ಟಣೆ, ಪೊದೆ ಬಡಿದು ಮೃಗವನ್ನು ಎಬ್ಬಿಸುವ ಕೂಲಿಗಳು, ಹುಲಿಯನ್ನು ಸೆಳೆಯಲು ಕಟ್ಟಿಹಾಕಿದ ಎಮ್ಮೆಗರು, ಎಲ್ಲವೂ ಒಟ್ಟು ದರದಲ್ಲಿ ಸೇರಿದ್ದವು. ಆ ಎಮ್ಮೆಗರುವಿನ ಜೀವ ಯಾರ ಲೆಕ್ಕದಲ್ಲಿ ಬಂತೆಂದು ಯಾರೂ ಕೇಳಿದಂತಿಲ್ಲ. ಸರ್ಕಾರಕ್ಕೂ ವಿದೇಶಿ ವಿನಿಮಯ ಬೇಕಾಗಿತ್ತು.

1969ರ ಕೊನೆಯಲ್ಲಿ ದೆಹಲಿಯಲ್ಲಿ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ ಮಹಾಸಭೆ ನಡೆದಾಗ, ವಿದೇಶಿ ವಿನಿಮಯಕ್ಕಾಗಿ ಈ ಪ್ರಾಣಿಗಳ ಜೀವವನ್ನು ತೆರಲಾಗದೆಂಬ ಅರ್ಥದಲ್ಲಿ ಇಂದಿರಾ ಗಾಂಧಿಯವರು ಮಾತನಾಡಿದರು. 1970ರಲ್ಲಿ ಹುಲಿಬೇಟೆ ನಿಂತಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಶಿಕಾರಿ ಕಂಪನಿಗಳ ಅಂಗಡಿಯನ್ನೇ ಮುಚ್ಚಿಸಿತು. ಆ ವರ್ಷದ ಎಣಿಕೆಯಲ್ಲಿ ದೇಶದಲ್ಲಿದ್ದ ಹುಲಿಗಳು 1,827. 2022ರ ಗಣತಿಯ ಸರಾಸರಿ ಅಂದಾಜು 3,682. ಅವರ ರಾಜಕೀಯದ ಬಗ್ಗೆ, ಮುಖ್ಯವಾಗಿ ತುರ್ತುಪರಿಸ್ಥಿತಿಯ ಬಗ್ಗೆ, ನನಗೆ ಕಟುವಾದ ಅಭಿಪ್ರಾಯಗಳಿವೆ. ಈ ಒಂದು ನಿರ್ಣಯಕ್ಕೆ ಮಾತ್ರ ನಾನು ತಲೆಬಾಗುತ್ತೇನೆ.

ಇಲ್ಲಿಗೆ ನಿಲ್ಲಿಸಿದರೆ ನೀವು ಚಪ್ಪಾಳೆ ತಟ್ಟಿ ಏಳಬಹುದು. ಆದರೆ ಎದುರುಪಕ್ಷದವರ ಬಲವಾದ ವಾದವನ್ನು ಕೇಳದೆ ತೀರ್ಪು ಕೊಡುವುದು ಅನೇಕಾಂತವನ್ನು ನಂಬಿದವರಿಗೆ ಒಪ್ಪುವುದಿಲ್ಲ.

ಚಿತ್ರಾಲದ ಆ 2,71,000 ಡಾಲರ್ ಎಲ್ಲಿಗೆ ಹೋಗುತ್ತದೆ? ಅಲ್ಲಿನ ನಿಯಮದಂತೆ ನೂರಕ್ಕೆ 80 ಪಾಲು ಆ ಕಣಿವೆಯ ಗ್ರಾಮಸ್ಥರಿಗೆ, 20 ಪಾಲು ಸರ್ಕಾರಕ್ಕೆ. ವರ್ಷಕ್ಕೆ ಕೆಲವೇ ಕೆಲವು, ಅದೂ ವಯಸ್ಸಾದ ಗಂಡುಗಳಿಗಷ್ಟೇ ಪರವಾನಗಿ. ಹಿಂದೆ ಮಾಂಸಕ್ಕಾಗಿ ಕದ್ದು ಹೊಡೆಯುತ್ತಿದ್ದ ಹಳ್ಳಿಗರೇ ಈಗ ಕಾವಲು ನಿಂತಿದ್ದಾರೆ. 2015ರಲ್ಲಿ ಮಾರ್ಖೋರನ್ನು ಅಳಿವಿನಂಚಿನ ಪಟ್ಟಿಯಿಂದ ಕೆಳಗಿಳಿಸಿ, ಅಪಾಯಕ್ಕೆ ಸಮೀಪದಲ್ಲಿರುವ ಪ್ರಾಣಿಗಳ ಪಟ್ಟಿಗೆ ಸೇರಿಸಲಾಯಿತು. ನೆರೆಯ ನೇಪಾಳದಲ್ಲೂ 1987ರಿಂದ ಧೋರ್ಪಾಟನ್ ಎಂಬ ಬೇಟೆಯ ಮೀಸಲು ಪ್ರದೇಶವಿದೆ. ಅಲ್ಲಿ ನೀಲಿಕುರಿಗೆ ಪರವಾನಗಿ ಕೊಡುತ್ತಾರೆ. ನಮ್ಮ ಪಶ್ಚಿಮಘಟ್ಟಗಳನ್ನು ಬಾಳೆಲ್ಲ ಅಧ್ಯಯನ ಮಾಡಿದ ಮಾಧವ ಗಾಡ್ಗೀಳರೂ, ಭಾರತದ ಸಂಪೂರ್ಣ ನಿಷೇಧ ತಪ್ಪು, ಸಂರಕ್ಷಿತ ಪ್ರದೇಶಗಳ ಹೊರಗೆ ಸ್ಥಳೀಯರ ಕೈಗೆ ನಿಯಂತ್ರಿತ ಬೇಟೆಯ ಹಕ್ಕನ್ನು ಕೊಡಬೇಕು ಎಂದು ಬಹಿರಂಗವಾಗಿ ವಾದಿಸಿದ್ದರು. ಅವರು ಪ್ರಾಣಿದ್ವೇಷಿಯಲ್ಲ. ಕಾಡಂಚಿನ ರೈತನ ಪಕ್ಷದಲ್ಲಿ ನಿಂತು ಮಾತನಾಡಿದವರು.

ಈ ವಾದವನ್ನು ನಾನು ಒಪ್ಪುವುದಿಲ್ಲ. ಜೀವವನ್ನು ಮಾರಿ ಜಾತಿಯನ್ನು ಉಳಿಸುವ ಲೆಕ್ಕದಲ್ಲಿ, ಮಾರಲ್ಪಟ್ಟ ಆ ಒಂದು ಮೇಕೆಯ ಪರವಾಗಿ ಮಾತನಾಡುವವರು ಯಾರೂ ಇರುವುದಿಲ್ಲ. ನಮ್ಮ ಧರ್ಮ ಜಾತಿಯನ್ನು ಎಣಿಸುವುದಕ್ಕಿಂತ ಮುಂಚೆ ಜೀವವನ್ನು ಎಣಿಸುತ್ತದೆ. ಆದರೂ ಆ ವಾದದಲ್ಲಿ ಒಂದು ಸತ್ಯಾಂಶವಿದೆ. ಮಾರ್ಖೋರ್ ಬದುಕಿದ್ದರೆ ಗ್ರಾಮಸ್ಥನಿಗೆ ಅದರಿಂದ ಏನಾದರೂ ದಕ್ಕುತ್ತದೆ. ನಮ್ಮ ಕಾಡಂಚಿನ ಗ್ರಾಮಸ್ಥನಿಗೆ ಹುಲಿ ಬದುಕಿದ್ದರೆ ದಕ್ಕುವುದೇನು? ಕಾಯ್ದೆ ಬಂದಾಗ ಬೇಟೆಯ ಬೆಲೆಪಟ್ಟಿಯನ್ನು ಹರಿದು ಹಾಕಿದೆವು. ಹುಲಿ ಬದುಕಿರುವುದಕ್ಕೆ ತಗಲುವ ಖರ್ಚು ಆ ಪಟ್ಟಿಯೊಡನೆ ಹರಿದುಹೋಗಲಿಲ್ಲ. ಅದು ಕಾಡಂಚಿನಲ್ಲಿ ವಾಸಿಸುವವರ ಖಾತೆಗೆ ಬಿದ್ದಿತು.

2018ರ ನವೆಂಬರನ್ನು ನೆನಪಿಸಿಕೊಳ್ಳಿ. ಯವತ್ಮಾಳ ಜಿಲ್ಲೆಯಲ್ಲಿ ಅವನಿ ಎಂಬ ಹೆಣ್ಣುಹುಲಿಯನ್ನು, ಹದಿಮೂರು ಜನರ ಸಾವಿಗೆ ಕಾರಣವೆಂದು, ಸರ್ಕಾರದ ಆದೇಶದ ಮೇಲೆ ಕೊಲ್ಲಲಾಯಿತು. ಅದನ್ನು ಹೊಡೆದದ್ದು ಖಾಸಗಿ ಬೇಟೆಗಾರನ ಗುಂಡು. ಅದರ ಎರಡು ಎಳೆಯ ಮರಿಗಳು ಕಾಡಿನಲ್ಲಿ ಉಳಿದವು. ಮುಂಬಯಿಯಲ್ಲಿ ಪ್ರತಿಭಟನೆಗಳಾದವು; ನಮ್ಮವರ ವಾಟ್ಸಾಪ್ ಗುಂಪುಗಳಲ್ಲಿ ಶ್ರದ್ಧಾಂಜಲಿಯ ಚಿತ್ರಗಳು ಹರಿದಾಡಿದವು. ಅದೇ ಹೊತ್ತಿಗೆ ಅಲ್ಲಿನ ಹಳ್ಳಿಗಳಲ್ಲಿ ಜನ ಪಟಾಕಿ ಹೊಡೆದು ಸಿಹಿ ಹಂಚಿದರು. ಎರಡು ವರ್ಷ ಹತ್ತಿಯ ಹೊಲಕ್ಕೆ ಹೆದರಿಕೆಯಿಂದಲೇ ಹೋಗಿಬಂದವರು ಅವರು. ಅವರನ್ನು ನಿರ್ದಯಿಗಳೆಂದು ಕರೆಯುವ ಮೊದಲು, ಆ ಹದಿಮೂರು ಮನೆಗಳಲ್ಲಿ ಒಂದಕ್ಕಾದರೂ ನಮ್ಮ ಜೀವದಯಾ ನಿಧಿಯಿಂದ ಏನಾದರೂ ಹೋಯಿತೇ ಎಂದು ಕೇಳಬೇಕಾಗಿತ್ತು. ನನಗೆ ತಿಳಿದ ಮಟ್ಟಿಗೆ ಅಂದು ನಮ್ಮಲ್ಲಿ ಯಾರೂ ಹಾಗೆ ಕೇಳಲಿಲ್ಲ. ವನ್ಯಪ್ರಾಣಿಯಿಂದ ಮನುಷ್ಯ ಸತ್ತರೆ ಮಹಾರಾಷ್ಟ್ರ ಸರ್ಕಾರ ಈಗ 25 ಲಕ್ಷ ರೂಪಾಯಿ ಪರಿಹಾರ ಕೊಡುತ್ತದೆ. ಅದು ಸಾವಿನ ಲೆಕ್ಕ. ಹೋದ ಹಸು, ಕಾವಲಿಲ್ಲದೆ ಕೈಬಿಟ್ಟ ಫಸಲು, ಸಂಜೆ ಟ್ಯೂಷನ್ನಿಗೆ ಕಳುಹಿಸಲಾಗದ ಮಗಳು, ಇವುಗಳ ಲೆಕ್ಕ ಬೇರೆ ಇದೆ.

ಅಷ್ಟು ದೂರ ಹೋಗುವುದೇಕೆ? ನಮ್ಮ ತ್ರಿಮೂರ್ತಿ ಜಿನಾಲಯದ ಪಕ್ಕದಲ್ಲೇ, ಆದಿನಾಥ, ಭರತ, ಬಾಹುಬಲಿ ಮೂವರೂ ನಿಂತಿರುವ ಆ ಸ್ಥಳಕ್ಕೆ ಹೊಂದಿಕೊಂಡೇ, ಸುಮಾರು 104 ಚದರ ಕಿಲೋಮೀಟರಿನ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನವಿದೆ. ಅಲ್ಲಿ ಚಿರತೆಗಳಿವೆ. ಅಲ್ಲಿಯೂ ಪಕ್ಕದ ಆರೆಯಲ್ಲಿಯೂ ಆದಿವಾಸಿಗಳ ಪಾಡಾಗಳಿವೆ. 2022ರ ಅಕ್ಟೋಬರಿನಲ್ಲಿ, ದೀಪಾವಳಿಯ ದಿನ, ಆರೆಯಲ್ಲಿ ಒಂದೂವರೆ ವರ್ಷವೂ ತುಂಬದ ಒಂದು ಹೆಣ್ಣುಮಗುವನ್ನು ಚಿರತೆ ಒಯ್ದಿತು. ನಾವು ಹತ್ತನೆಯ ಮಹಡಿಯಿಂದ ಅದೇ ಕಾಡನ್ನು ನೋಡಿ, ಹಸಿರು ಕಾಣುತ್ತದೆಂದು ಬಿಲ್ಡರನಿಗೆ ಹೆಚ್ಚು ಹಣ ಕೊಟ್ಟಿದ್ದೇವೆ. ಕಾಡಿನ ನೋಟಕ್ಕೆ ಬೆಲೆ ಕಟ್ಟಲು ನಮಗೆ ಬರುತ್ತದೆ. ಆ ಹಣದಲ್ಲಿ ಒಂದು ರೂಪಾಯಿಯೂ ಪಾಡಾದ ಬೀದಿದೀಪಕ್ಕೆ ಹೋಗಿಲ್ಲ.

ಇನ್ನು ನಮ್ಮ ವಿಹಾರಗಳು. ಈಗ ನಮ್ಮ ಕುಟುಂಬಗಳು ರಜೆಯಲ್ಲಿ ತಾಡೋಬಾಕ್ಕೆ ಹೋಗುತ್ತವೆ, ಕಬಿನಿಗೆ ಹೋಗುತ್ತವೆ, ಕೀನ್ಯಾಕ್ಕೂ ಹೋಗುತ್ತವೆ. ಜೈನ ಅಡುಗೆಯವನನ್ನು ಜೊತೆಗೆ ಕರೆದೊಯ್ಯುವ ಸಫಾರಿ ಪ್ರವಾಸಗಳೂ ಇವೆ. ಒಳ್ಳೆಯದೇ. ಬಂದೂಕಿನ ಬದಲು ಕ್ಯಾಮೆರಾ ಬಂದಿದೆ. ಆದರೆ ಹುಲಿ ಕಾಣಲಿಲ್ಲವೆಂದು ಚಾಲಕನ ಮೇಲೆ ಮುನಿಸಿಕೊಳ್ಳುವವರು, ಕಂಡರೆ ಸಾವಿರ ರೂಪಾಯಿ ಭಕ್ಷೀಸು ಎಂದು ಆಸೆ ತೋರಿಸುವವರು ನಮ್ಮಲ್ಲಿಯೂ ಇದ್ದಾರೆ. 2024ರ ಡಿಸೆಂಬರ್ 31ರಂದು ನಾಗಪುರದ ಬಳಿಯ ಉಮರೇಡ್-ಕರ್ಹಾಂಡ್ಲಾ ಅಭಯಾರಣ್ಯದಲ್ಲಿ, ಐದು ಮರಿಗಳೊಡನೆ ದಾರಿ ದಾಟುತ್ತಿದ್ದ ಹೆಣ್ಣುಹುಲಿಯನ್ನು ಸಫಾರಿ ಜೀಪುಗಳು ಎರಡೂ ಕಡೆಯಿಂದ ಸುತ್ತುವರಿದವು. ಬಾಂಬೆ ಹೈಕೋರ್ಟಿನ ನಾಗಪುರ ಪೀಠ ಸ್ವತಃ ಆ ಪ್ರಕರಣವನ್ನು ಕೈಗೆತ್ತಿಕೊಂಡಿತು. ಮೊದಲು ಅಮಾನತಾದವರು ಚಾಲಕರು ಮತ್ತು ಗೈಡುಗಳು. ಯಾರ ಫೋಟೋಕ್ಕಾಗಿ ಆ ಜೀಪುಗಳು ನಿಂತಿದ್ದವೋ ಅವರು ಹೊಸವರ್ಷಕ್ಕೆ ಮನೆ ಸೇರಿದರು. ಮಾಡಿಸುವುದು ಮತ್ತು ಅನುಮೋದಿಸುವುದು ಎಂಬ ಮಾತುಗಳ ಅರ್ಥವನ್ನು ಪಾಠಶಾಲೆಯ ಮಕ್ಕಳಿಗೆ ವಿವರಿಸಬೇಕಾದಾಗ ನಾನು ಈ ಘಟನೆಯನ್ನೇ ಹೇಳುತ್ತೇನೆ.

2025ರ ನವೆಂಬರಿನಲ್ಲಿ, ಹುಲಿ ದಾಳಿಯಿಂದ ರೈತರು ಸತ್ತ ಬಳಿಕ, ಕರ್ನಾಟಕ ಸರ್ಕಾರ ಬಂಡೀಪುರ ಮತ್ತು ನಾಗರಹೊಳೆಗಳಲ್ಲಿ ಸಫಾರಿಯನ್ನೇ ನಿಲ್ಲಿಸಿತು. ರೆಸಾರ್ಟುಗಳ ಆದಾಯ, ಜೀಪು ಚಾಲಕರ ಕೂಲಿ ಹೋಯಿತೆಂಬ ಕೂಗು ಎದ್ದಿತು. ಆ ಕೂಗು ಸುಳ್ಳಲ್ಲ. ಆದರೆ ಸರಗೂರಿನ ಕಡೆಯ ರೈತರು ಕೇಳುತ್ತಿದ್ದ ಪ್ರಶ್ನೆ ಹಳೆಯದೇ: ನಿಮ್ಮ ಟಿಕೆಟಿನ ಹಣದಲ್ಲಿ ನಮ್ಮ ಪಾಲೆಲ್ಲಿ? ಚಿತ್ರಾಲದ ಗ್ರಾಮಸ್ಥನಿಗೆ ಕೊಲೆಯ ಹಣದಲ್ಲಿ ನೂರಕ್ಕೆ 80 ಪಾಲು ಬರುತ್ತದೆ. ಕೊಲ್ಲದ ನೋಟದ ಹಣದಲ್ಲಿ ನಮ್ಮ ರೈತನಿಗೆ ಎಷ್ಟು ಬರಬೇಕೆಂಬುದನ್ನು ಟಿಕೆಟು ಕೊಳ್ಳುವ ನಾವಾದರೂ ಒಂದು ಷರತ್ತಾಗಿ ಮುಂದಿಡಬಹುದಾಗಿತ್ತು.

ಸಂಪತ್ತಿರುವ ಅಹಿಂಸಾವಾದಿಗಳು ಇಂತಹ ವೆಚ್ಚವನ್ನು ಹೊತ್ತುಕೊಂಡ ಉದಾಹರಣೆ ಇಲ್ಲಿಯೇ ಇದೆ. 1832ರಲ್ಲಿ ಮುಂಬಯಿಯ ಬ್ರಿಟಿಷ್ ಅಧಿಕಾರಿಗಳು ಬೀದಿನಾಯಿಗಳನ್ನು ಕೊಲ್ಲಲು ಆಜ್ಞೆ ಮಾಡಿದರು. ಕೊಂದ ಒಂದೊಂದು ನಾಯಿಗೆ 8 ಆಣೆ ಬಹುಮಾನ. ಪಾರಸಿಗಳು ಮೊದಲು ಬೀದಿಗಿಳಿದರು, ಜೈನ-ಹಿಂದೂ ವರ್ತಕರೂ ಅಂಗಡಿ ಮುಚ್ಚಿದರು, ಕೋಟೆಯ ವಹಿವಾಟು ನಿಂತಿತು. ಅಷ್ಟಕ್ಕೇ ತೃಪ್ತರಾಗಿದ್ದರೆ ಅದೊಂದು ಗಲಭೆಯ ಕಥೆಯಾಗಿ ಉಳಿಯುತ್ತಿತ್ತು. ಎರಡು ವರ್ಷಗಳ ಬಳಿಕ, 1834ರಲ್ಲಿ, ಜಮ್ಶೇಟ್‌ಜೀ ಜೀಜೀಭಾಯಿ ಮತ್ತು ಅಮೀಚಂದ್ ಶಾ ಮುಂದಾಗಿ, ಭುಲೇಶ್ವರದಲ್ಲಿ ಪಾಂಜರಾಪೋಳವನ್ನು ಸ್ಥಾಪಿಸಿದರು. ಅದನ್ನು ನಡೆಸಲು ವರ್ತಕರು ತಮ್ಮ ಸರಕಿನ ಮೇಲೆ ತಾವೇ ಒಂದು ತೆರಿಗೆಯನ್ನು ಹಾಕಿಕೊಂಡರು. ಸರ್ಕಾರ ಸಾವಿಗೆ 8 ಆಣೆ ಬೆಲೆ ಕಟ್ಟಿದ್ದಾಗ, ಅವರು ಬದುಕಿನ ಬೆಲೆಯನ್ನು ತಮ್ಮ ಖಾತೆಯಲ್ಲೇ ಬರೆದುಕೊಂಡರು. ಪಾಂಜರಾಪೋಳದ ಇಂದಿನ ಸ್ಥಿತಿಗತಿಯ ಬಗ್ಗೆ ಟೀಕೆಗಳಿರಬಹುದು. ಆ ಲೆಕ್ಕದ ಪದ್ಧತಿಯನ್ನು ನಾವು ಮರೆತಿದ್ದೇವೆ ಎಂಬುದೇ ನನ್ನ ಅಳಲು.

ಇಂದು ನಮ್ಮ ಜೀವದಯಾ ಹಣದ ಒಂದು ಭಾಗ ಬಕ್ರೀದಿನ ಮುನ್ನ ಸಂತೆಗೆ ಹೋಗಿ ಮೇಕೆಗಳನ್ನು ಬಿಡಿಸಲು ವೆಚ್ಚವಾಗುತ್ತದೆ. ಬಿಡಿಸಿದ ಪ್ರತಿ ಮೇಕೆಗೂ ಕರುಣೆ ದೊರೆಯಿತು, ನಿಜ. ಜೊತೆಗೆ ಸಂತೆಯ ವ್ಯಾಪಾರಿಗೆ ಹೊಸ ಗಿರಾಕಿಯೂ ದೊರೆತ. ಮುಂದಿನ ವರ್ಷ ಅವನು ಇನ್ನಷ್ಟು ಮೇಕೆ ತರುತ್ತಾನೆ. ಇದನ್ನು ಹೇಳಿದರೆ ಕೆಲವರಿಗೆ ಬೇಸರವಾಗುತ್ತದೆ, ಆದರೂ ಹೇಳಲೇಬೇಕು. ಅದೇ ಹಣದಲ್ಲಿ ಯವತ್ಮಾಳದಲ್ಲೋ ಸರಗೂರಿನಲ್ಲೋ ರೈತನ ಕೊಟ್ಟಿಗೆಗೆ ಭದ್ರವಾದ ಬಾಗಿಲನ್ನು ಮಾಡಿಸಿದರೆ ಹಸುವೂ ಉಳಿಯುತ್ತದೆ, ಹುಲಿಗೆ ವಿಷ ಇಡುವ ಕೈಯೂ ನಿಲ್ಲುತ್ತದೆ.

ಆದ್ದರಿಂದ ನನ್ನ ಬೇಡಿಕೆಗಳು ಸಣ್ಣವು. ಸಫಾರಿಗೆ ಹೋಗುವ ಪ್ರತಿ ಕುಟುಂಬ ತನ್ನ ಪ್ರವಾಸದ ವೆಚ್ಚದ ಹತ್ತನೆಯ ಒಂದು ಪಾಲನ್ನು ಆ ಕಾಡಂಚಿನ ಊರಿಗೆಂದು ಎತ್ತಿಡಲಿ. ಹುಲಿ ಕಾಣದಿದ್ದ ದಿನವೂ ಗೈಡಿಗೆ ಅದೇ ಭಕ್ಷೀಸು ಕೊಡಲಿ. ಊರೂರುಗಳಲ್ಲಿ ನೆಲೆಸಿರುವ ನಮ್ಮ ಕನ್ನಡ ಜೈನ ಕುಟುಂಬಗಳು, ನೈರೋಬಿಯಲ್ಲಾಗಲಿ ಡಲ್ಲಾಸಿನಲ್ಲಾಗಲಿ ಇರುವವರೂ, ಬೇಟೆಯನ್ನು ವಿರೋಧಿಸುವ ಮನವಿಗೆ ಸಹಿ ಹಾಕುವಾಗ, ಆ ಹಣ ನಿಂತರೆ ಅಲ್ಲಿನ ಹಳ್ಳಿಗೆ ಬದಲಿಯೇನು ಎಂಬ ಒಂದು ವಾಕ್ಯವನ್ನೂ ಸೇರಿಸಲಿ. ಮತ್ತು ಬರುವ ಪರ್ಯೂಷಣದಲ್ಲಿ ನಮ್ಮ ಜೀವದಯಾ ನಿಧಿಯ ಜಮಾ-ಖರ್ಚನ್ನು ಓದುವಾಗ ‘ಕಾಡಂಚಿನ ಮನೆಗಳು’ ಎಂಬ ಒಂದು ಹೊಸ ಬಾಬ್ತು ಅದರಲ್ಲಿರಲಿ. ಮೊದಲ ವರ್ಷಕ್ಕೆ ಆರೆಯ ಪಾಡಾಗಳಿಂದಲೇ ಆರಂಭಿಸಬಹುದು; ಬೋರಿವಲಿಯಿಂದ ಅರ್ಧ ಗಂಟೆಯ ದಾರಿ. ಈ ಭಾನುವಾರ ಬೆಳಿಗ್ಗೆ ಜೊತೆಗೆ ಬರಬಯಸುವವರು ದಯವಿಟ್ಟು ಬಾಗಿಲ ಬಳಿ ಇಟ್ಟಿರುವ ಪುಸ್ತಕದಲ್ಲಿ ಹೆಸರು ಬರೆಯಿರಿ. ಪ್ರಶ್ನೆಗಳಿದ್ದರೆ ಈಗ ಕೇಳಬಹುದು.